ನೋಡುವ ಟ್ಯಾಂಗೊ, ಕಲಿಯುವ ಟ್ಯಾಂಗೊ

ನಮ್ಮ ಮಹಿಳಾ ವಿಭಾಗದ ಐದು ಜನ ಸೇರಿ ಅರ್ಜೆಂಟೀನಾದ ಟ್ಯಾಂಗೊ ಕಲಿಯೋಣವೆಂದು ಹೊರಟದ್ದು ಕಳೆದ ಮಳೆಗಾಲದಲ್ಲಿ. ಗುರುಗಳಿಲ್ಲ, ಸಭಾಂಗಣವಿಲ್ಲ. ಪರೇಲಿನ ನಮ್ಮ ಮನೆಯ ಹಾಲಿನಲ್ಲಿ ಸೋಫಾವನ್ನು ಗೋಡೆಗೆ ಒತ್ತಿದರೆ ಸಿಗುವಷ್ಟು ಜಾಗ, ಎದುರಿಗೆ ಟಿವಿ, ಟಿವಿಯಲ್ಲಿ ಯೂಟ್ಯೂಬ್. ಕಂಪ್ಯೂಟರಿನ ಕೆಲಸದವಳು ಎಂಬ ಕಾರಣಕ್ಕೆ ವಿಡಿಯೊ ಆರಿಸುವ ಜವಾಬ್ದಾರಿ ನನಗೆ ಬಂತು. ನಾನು ಹೆಚ್ಚು ಯೋಚಿಸದೆ ಅತಿ ಹೆಚ್ಚು ಜನ ನೋಡಿದ್ದನ್ನೇ ಹಾಕಿದೆ. ಕೆಂಪು ಉಡುಪು, ಮಿಂಚಿನಂತೆ ಓಡುವ ಕಾಲು, ಹಿಂದಕ್ಕೆ ಬಾಗುವ ಬೆನ್ನು. ಹತ್ತೇ ನಿಮಿಷಕ್ಕೆ ನಮ್ಮಲ್ಲಿ ಹಿರಿಯರಾದ, ಅರವತ್ತು ದಾಟಿದ, ನಾವೆಲ್ಲ ಅಕ್ಕ ಎಂದೇ ಕರೆಯುವವರ ಮಂಡಿ ಉಳುಕಿತು. ಮಂಜುಗಡ್ಡೆಯ ಚೀಲ ಇಟ್ಟುಕೊಂಡು ಕುಳಿತ ಅವರು ನನ್ನನ್ನು ಬೈಯಲಿಲ್ಲ. "ಇದು ನೋಡ್ಲಿಕ್ಕೆ ಮಾಡಿದ್ದು ಮಾರಾಯ್ತಿ, ಕಲೀಲಿಕ್ಕೆ ಮಾಡಿದ್ದಲ್ಲ" ಎಂದರು, ಅಷ್ಟೆ.

ಮೂರು ವಾರ ಅಕ್ಕ ಮೆಟ್ಟಿಲು ಹತ್ತಲಿಲ್ಲ. ಆ ಮೂರು ವಾರ ನಾನು ವಿಡಿಯೊ ಹುಡುಕುವುದನ್ನು ನಿಲ್ಲಿಸಿ ಟ್ಯಾಂಗೊದ ಚರಿತ್ರೆ ಓದಿದೆ. ತಪ್ಪು ಮಾಡಿದವಳ ಪ್ರಾಯಶ್ಚಿತ್ತ ಎಂದುಕೊಳ್ಳಿ. ಗುರುವಿಲ್ಲದೆ, ದೂರದಿಂದ, ಪುಸ್ತಕ ನೋಡಿ, ಪರದೆ ನೋಡಿ ಈ ಕುಣಿತ ಕಲಿಯಲು ಹೊರಟವರಲ್ಲಿ ನಾವೇ ಮೊದಲಿಗರೇನಲ್ಲ, ನೂರು ವರ್ಷಗಳಿಂದ ಜನ ಅದನ್ನೇ ಮಾಡುತ್ತ ಬಂದಿದ್ದಾರೆ ಎಂದು ತಿಳಿದಾಗ ಸ್ವಲ್ಪ ಸಮಾಧಾನವಾಯಿತು. ಯಾವ ವಿಡಿಯೊ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ನನಗೆ ಹೊಳೆದದ್ದು ಈ ಓದಿನಲ್ಲೇ.

ಟ್ಯಾಂಗೊ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ, ದಕ್ಷಿಣ ಅಮೆರಿಕದ ರಿಯೊ ಡೆ ಲಾ ಪ್ಲಾಟಾ ನದಿಯ ಎರಡೂ ದಡಗಳಲ್ಲಿ. ಈ ಕಡೆ ಬ್ಯೂನಸ್ ಐರಿಸ್, ಆ ಕಡೆ ಮಾಂಟೆವಿಡಿಯೊ. ಇಟಲಿ, ಸ್ಪೇನ್ ಮುಂತಾದ ಕಡೆಗಳಿಂದ ಹೊಟ್ಟೆಪಾಡಿಗೆ ಹಡಗು ಹತ್ತಿ ಬಂದವರು, ಗುಲಾಮರಾಗಿ ತಂದ ಆಫ್ರಿಕನ್ನರ ಮಕ್ಕಳು ಮೊಮ್ಮಕ್ಕಳು, ಹಳ್ಳಿಗಾಡಿನಿಂದ ಪಟ್ಟಣ ಸೇರಿದವರು, ಎಲ್ಲರ ಲಯಗಳೂ ಅದರಲ್ಲಿವೆ. ಟ್ಯಾಂಗೊದ ಜೀವದಂತಿರುವ ಬ್ಯಾಂಡೋನಿಯನ್ ವಾದ್ಯ ಜರ್ಮನಿಯದು. ಯುರೋಪಿನ ಗಾಳಿಪೆಟ್ಟಿಗೆ ನಮ್ಮಲ್ಲಿ ಹಾರ್ಮೋನಿಯಂ ಆಗಿ ಭಜನೆಗೆ, ಕಂಪನಿ ನಾಟಕಕ್ಕೆ ಸೇರಿಕೊಂಡ ಹಾಗೆ. ಬಂದವರು ಉಳಿದದ್ದು 'ಕೊನ್ವೆಂತಿಯೊ' ಎಂಬ ವಠಾರಗಳಲ್ಲಿ. ನಡುವೆ ಅಂಗಳ, ಸುತ್ತ ಸಾಲು ಕೋಣೆಗಳು, ಕೋಣೆಗೊಂದು ಸಂಸಾರ, ಎಲ್ಲರಿಗೂ ಸೇರಿ ಒಂದೇ ನಲ್ಲಿ, ಒಂದೇ ಶೌಚಾಲಯ.

ಇದನ್ನು ಅಕ್ಕನಿಗೆ ಓದಿ ಹೇಳಿದಾಗ ಅವರು ನಕ್ಕರು. ಅವರು ಹುಟ್ಟಿದ್ದು ಪರೇಲಿನ ಚಾಳಿನಲ್ಲಿ, ಗಿರಣಿ ಕಾರ್ಮಿಕರ ಮಗಳಾಗಿ. ಬಾಂಬೆಯ ಮೊದಲ ಬಟ್ಟೆ ಗಿರಣಿ 1854ರಲ್ಲಿ ಸ್ಥಾಪನೆಯಾಗಿ ಮುಂದೆ ಪರೇಲ್, ಲಾಲ್‌ಬಾಗ್ ಸುತ್ತಮುತ್ತ ಗಿರಣಗಾಂವ್ ಬೆಳೆದಾಗ ಇಲ್ಲಿಗೂ ಬಂದವರು ಊರು ಬಿಟ್ಟ ಗಂಡಸರೇ ಹೆಚ್ಚು. ಕೊಂಕಣದಿಂದ, ಘಟ್ಟದ ಮೇಲಿನಿಂದ ಬಂದು ಒಂದೇ ಕೋಣೆಯಲ್ಲಿ ಸರದಿಯ ಮೇಲೆ ಮಲಗಿ, ಖಾನಾವಳಿಯಲ್ಲಿ ಉಂಡು ದುಡಿದವರು. ಬ್ಯೂನಸ್ ಐರಿಸ್ಸಿನಲ್ಲೂ ಗಂಡಸರ ಸಂಖ್ಯೆಯೇ ಬಹಳ ಹೆಚ್ಚು. ಅಲ್ಲಿ ಅಂಥವರ ನಡುವೆ ಟ್ಯಾಂಗೊ ಬೆಳೆಯಿತು, ಇಲ್ಲಿ ತಮಾಶಾ, ಶಾಹಿರಿ, ಭಜನೆ, ನಾಟಕ. 1922ರಿಂದ ಕಾರ್ಮಿಕರ ನಾಟಕಗಳಿಗೆ ಆಶ್ರಯವಾದ ದಾಮೋದರ ಹಾಲ್ ಇದ್ದದ್ದು ಪರೇಲಿನಲ್ಲೇ. ಲಾಲ್‌ಬಾಗಿನ ಹನುಮಾನ್ ಥಿಯೇಟರಿನಲ್ಲಿ ತಮಾಶಾ ನಡೆಯುತ್ತಿತ್ತು. 'ಒಳ್ಳೆಯ ಮನೆತನದವರು ಹೋಗುವ ಜಾಗವಲ್ಲ' ಎಂಬ ಮಾತು ತಮಾಶಾಕ್ಕೂ ಇತ್ತು, ಟ್ಯಾಂಗೊಗೂ ಇತ್ತು.

ಹೆಂಗಸರು ಕಡಿಮೆ ಇದ್ದ ಊರಿನಲ್ಲಿ ಜೋಡಿ ಕುಣಿತ ಕಲಿಯುವುದು ಹೇಗೆ? ಗಂಡಸರು ಗಂಡಸರ ಜೊತೆಯೇ ಅಭ್ಯಾಸ ಮಾಡುತ್ತಿದ್ದರು. ಆ ಅಭ್ಯಾಸಕೂಟಕ್ಕೆ 'ಪ್ರಾಕ್ತಿಕಾ' ಎನ್ನುತ್ತಾರೆ. ಹೊಸ ಹುಡುಗ ಬಂದರೆ ಅವನಿಗೆ ಮೊದಲು ಹೆಣ್ಣಿನ ಪಾತ್ರ. ಮುನ್ನಡೆಸುವವನ ಎದೆಯ ಚಲನೆ ಅರಿತು ಹಿಂದಕ್ಕೆ ನಡೆಯುವುದನ್ನು ತಿಂಗಳುಗಟ್ಟಲೆ ಕಲಿತ ಮೇಲೆಯೇ ಅವನು ಮುನ್ನಡೆಸಬಹುದಿತ್ತು. ಹುಡುಗಿಯರು ಕಲಿತದ್ದು ಮನೆಯೊಳಗೆ, ಅಮ್ಮ, ಅಕ್ಕ, ಅಣ್ಣಂದಿರ ಜೊತೆಗೆ. ಗಂಡಸರ ಪ್ರಾಕ್ತಿಕಾಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಅಡುಗೆಮನೆಯಲ್ಲಿ ಅಕ್ಕ ತಂಗಿಗೆ ಕಲಿಸಿದ್ದರ ಬಗ್ಗೆ ನನಗೆ ಸಿಕ್ಕಿದ್ದು ಒಂದೆರಡು ಸಾಲು ಮಾತ್ರ. ನಮ್ಮ ಹಾಲಿನಲ್ಲಿ ಹೆಂಗಸರು ಹೆಂಗಸರೇ ಕೈಹಿಡಿದು ಅಭ್ಯಾಸ ಮಾಡುವುದು ವಿಚಿತ್ರವೇನೋ ಎಂಬ ಸಂಕೋಚ ಮಾತ್ರ ಇದನ್ನು ಓದಿದ ದಿನವೇ ಹೋಯಿತು. ಟ್ಯಾಂಗೊ ಮೊದಲಿನಿಂದಲೂ ಹೀಗೆಯೇ ಕಲಿತದ್ದು.

ಗುರು ಎದುರಿಗಿಲ್ಲದೆ ಕಲಿಯುವ ಕಥೆ ಶುರುವಾಗುವುದು ಟ್ಯಾಂಗೊ ಹಡಗು ಹತ್ತಿದ ಮೇಲೆ. 1913ರ ಹೊತ್ತಿಗೆ ಪ್ಯಾರಿಸ್, ಲಂಡನ್ನುಗಳಿಗೆ ಟ್ಯಾಂಗೊ ಹುಚ್ಚು ಹಿಡಿದಿತ್ತು. ಸಂಜೆಯ ಚಹಾದ ಜೊತೆಗೆ ಟ್ಯಾಂಗೊ. ಅದೇ ವರ್ಷ ಜರ್ಮನಿಯ ಕೈಸರ್ ಎರಡನೆಯ ವಿಲ್ಹೆಲ್ಮ್ ತನ್ನ ಸೇನಾಧಿಕಾರಿಗಳು ಸಮವಸ್ತ್ರದಲ್ಲಿ ಟ್ಯಾಂಗೊ ಕುಣಿಯಬಾರದೆಂದು ಆಜ್ಞೆ ಹೊರಡಿಸಿದ. 1914ರಲ್ಲಿ ವರ್ನನ್ ಮತ್ತು ಐರೀನ್ ಕ್ಯಾಸಲ್ ದಂಪತಿಗಳು 'ಮಾಡರ್ನ್ ಡ್ಯಾನ್ಸಿಂಗ್' ಎಂಬ ಪುಸ್ತಕ ತಂದರು. ಫೋಟೊಗಳಿದ್ದವು, ವಿವರಣೆಯಿತ್ತು, ಮರ್ಯಾದಸ್ಥ ಮನೆಗಳಿಗೆ ಒಪ್ಪುವಂತೆ ತಿದ್ದಿದ ಟ್ಯಾಂಗೊ ಇತ್ತು. ಆದರೆ ಫೋಟೊ ಹಿಡಿಯುವುದು ನಿಂತ ಭಂಗಿಯನ್ನು. ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋಗುವಾಗ ದೇಹದ ಭಾರ ಯಾವ ಕಾಲ ಮೇಲಿತ್ತು ಎಂಬುದು ಫೋಟೊದಲ್ಲಿ ಕಾಣುವುದಿಲ್ಲ. ಟ್ಯಾಂಗೊದಲ್ಲಿ ಕಲಿಯಬೇಕಾದ್ದು ಮುಖ್ಯವಾಗಿ ಅದನ್ನೇ.

1920ರ ದಶಕದಲ್ಲಿ ಅಮೆರಿಕದ ಆರ್ಥರ್ ಮರ್ರೆ ಅಂಚೆಯ ಮೂಲಕ ಕುಣಿತದ ಪಾಠ ಮಾರಿದ. ಕಾಗದದಲ್ಲಿ ಪಾದದ ಗುರುತುಗಳು. ಅವನ್ನು ನೆಲದ ಮೇಲೆ ಹಾಸಿ ಅದರ ಮೇಲೆ ಕಾಲಿಟ್ಟುಕೊಂಡು ಹೋಗಬೇಕು. ವರಮಹಾಲಕ್ಷ್ಮಿಯ ದಿನ ಬಾಗಿಲಿಂದ ದೇವರ ಮನೆಯವರೆಗೆ ಬಿಡಿಸುವ ಪುಟ್ಟ ಹೆಜ್ಜೆಗಳು ನೆನಪಾದವು ನನಗೆ. ವ್ಯಾಪಾರ ಚೆನ್ನಾಗಿ ನಡೆಯಿತು. ಕಾಲು ಎಲ್ಲಿಡಬೇಕೆಂದು ಆ ಕಾಗದ ಹೇಳಿತು. ಯಾವಾಗ ಇಡಬೇಕು ಎಂಬುದಕ್ಕೆ ಇಂಗ್ಲೆಂಡಿನ ವಿಕ್ಟರ್ ಸಿಲ್ವೆಸ್ಟರ್ ಉತ್ತರ ಕೊಟ್ಟ. 1922ರ ವಿಶ್ವ ಬಾಲ್‌ರೂಮ್ ಚಾಂಪಿಯನ್ ಆತ. 1927ರಲ್ಲಿ ಪುಸ್ತಕ ಬರೆದ, 1935ರಲ್ಲಿ ಸ್ವಂತ ವಾದ್ಯವೃಂದ ಕಟ್ಟಿ ಕೂದಲೆಳೆಯೂ ಅತ್ತಿತ್ತ ಆಗದ ಲಯದ ರೆಕಾರ್ಡುಗಳನ್ನು ತಂದ. ಇಂಗ್ಲಿಷರು ಹೀಗೆ ಟ್ಯಾಂಗೊವನ್ನು ಅಳೆದು, ಕತ್ತರಿಸಿ, ಪರೀಕ್ಷೆಗೆ ಒಗ್ಗುವಂತೆ ಮಾಡಿದರು. ಮೇಲ್ಮೈ ಹಿಂದಕ್ಕೆ ಸೆಟೆದು, ತಲೆಯನ್ನು ಥಟ್ಟನೆ ತಿರುಗಿಸುವ ಆ ಟ್ಯಾಂಗೊವೇ ಬೇರೆ, ಎದೆಗೆ ಎದೆ ಹತ್ತಿರವಿದ್ದು ನೆಲಕ್ಕೆ ಅಂಟಿಕೊಂಡಂತೆ ನಡೆಯುವ ಬ್ಯೂನಸ್ ಐರಿಸ್ಸಿನ ಟ್ಯಾಂಗೊವೇ ಬೇರೆ. ಯಕ್ಷಗಾನ ಬಲ್ಲ ನಮ್ಮ ಓದುಗರಿಗೆ ಇದನ್ನು ಹೇಳುವುದು ಸುಲಭ. ಟ್ಯಾಂಗೊದಲ್ಲೂ ತಿಟ್ಟುಗಳಿವೆ. ತೆಂಕುತಿಟ್ಟು ಕಲಿಯಬೇಕೆಂದು ಹೊರಟವರು ಬಡಗಿನ ವಿಡಿಯೊ ಇಟ್ಟುಕೊಂಡರೆ ಏನಾದೀತು? ಬರೀ 'ಟ್ಯಾಂಗೊ' ಎಂದು ಹುಡುಕಿದರೆ ಸಿಗುವುದರಲ್ಲಿ ಎಷ್ಟೋ ಈ ಬಾಲ್‌ರೂಮ್ ತಿಟ್ಟಿನವು. ಅವು ಕೆಟ್ಟವಲ್ಲ, ನಮಗೆ ಬೇಕಾದವಲ್ಲ. ನನ್ನ ಪಟ್ಟಿಯಲ್ಲಿದ್ದ ನಲವತ್ತರಲ್ಲಿ ಹದಿನೈದು ಅಲ್ಲೇ ಉದುರಿದವು.

ಇಷ್ಟು ಹೊತ್ತಿಗೆ ಸಿನಿಮಾ ಬಂದಿತ್ತು. 1921ರ 'ದ ಫೋರ್ ಹಾರ್ಸ್‌ಮೆನ್ ಆಫ್ ದಿ ಅಪೊಕ್ಯಾಲಿಪ್ಸ್' ಚಿತ್ರದಲ್ಲಿ ರುಡಾಲ್ಫ್ ವ್ಯಾಲೆಂಟಿನೊ ದನ ಕಾಯುವವರ ವೇಷದಲ್ಲಿ ಟ್ಯಾಂಗೊ ಕುಣಿದ. ಪಟ್ಟಣದ ವಠಾರಗಳ ಕುಣಿತಕ್ಕೂ ಆ ವೇಷಕ್ಕೂ ಸಂಬಂಧವಿಲ್ಲ. ಚಿತ್ರವೂ ಮೂಕಿ. ಅಂದರೆ ಜಗತ್ತಿಗೆ ಟ್ಯಾಂಗೊ ಎಂದರೇನೆಂದು ತೋರಿಸಿದ ಚಿತ್ರದಲ್ಲಿ ಟ್ಯಾಂಗೊದ ಸಂಗೀತವೇ ಮುದ್ರಣವಾಗಿರಲಿಲ್ಲ! ಹನ್ನೆರಡು ವರ್ಷಗಳ ನಂತರ, 1933ರಲ್ಲಿ, ಅರ್ಜೆಂಟೀನಾದವರೇ 'ಟ್ಯಾಂಗೊ!' ಎಂಬ ಮಾತನಾಡುವ ಚಿತ್ರ ತಂದರು. ನಮ್ಮ 'ಸತಿ ಸುಲೋಚನ'ಕ್ಕಿಂತ ಒಂದು ವರ್ಷ ಮೊದಲು. ಅದರಲ್ಲಿ 'ಎಲ್ ಕಚಫಾಸ್' ಎಂದು ಹೆಸರಾದ ಓವಿಡಿಯೊ ಬಿಯಾಂಕೆ, ಕಾರ್ಮೆನ್ಸಿತಾ ಕಾಲ್ಡೆರಾನ್ ಜೊತೆ ಕುಣಿಯುತ್ತಾನೆ. ಆಕೆ 1905ರಲ್ಲಿ ಹುಟ್ಟಿ ನೂರು ವರ್ಷ ಬದುಕಿದಳು. ಆ ತುಣುಕನ್ನು ಈಗಲೂ ನೋಡಬಹುದು. ಕಾಲುಗಳ ಚುರುಕು ಬೆರಗಾಗಿಸುತ್ತದೆ. ಆದರೆ ಮೇಲಿನ ಅರ್ಧ ದೇಹ ತುಂಬಿದ ಕೊಡ ಹೊತ್ತವರ ಹಾಗೆ ಶಾಂತ. ನಾನು ಹಾಕಿದ ಮೊದಲ ವಿಡಿಯೊದಲ್ಲಿ ಇಲ್ಲದ್ದು ಅದೇ.

ಪರದೆ ನೋಡಿ ಕುಣಿತ ಕಲಿಯುವ ಮಾತು ಬಂದಾಗ ಪರೇಲನ್ನು ಬಿಡುವಂತಿಲ್ಲ. ನಮ್ಮ ಗಿರಣಗಾಂವ್ ಗಿರಣಿಗಳ ಊರು ಮಾತ್ರವಲ್ಲ, ಸ್ಟುಡಿಯೋಗಳ ಊರೂ ಹೌದು. ಹಡಗು ಕಟ್ಟುವ ವಾಡಿಯಾ ಮನೆತನದ ಲೌಜಿ ಕ್ಯಾಸಲ್ ಇದ್ದದ್ದು ಪರೇಲಿನಲ್ಲಿ. 'ಟ್ಯಾಂಗೊ!' ಬಂದ 1933ರಲ್ಲೇ ಅಲ್ಲಿ ವಾಡಿಯಾ ಮೂವಿಟೋನ್ ಶುರುವಾಯಿತು. ಆಸ್ಟ್ರೇಲಿಯಾದಲ್ಲಿ ಹುಟ್ಟಿ, ನೃತ್ಯತಂಡವೊಂದರಲ್ಲಿ ಊರೂರು ತಿರುಗಿದ್ದ ಮೇರಿ ಇವಾನ್ಸ್, 'ಫಿಯರ್‌ಲೆಸ್ ನಾಡಿಯಾ' ಆಗಿ ಚಾಟಿ ಬೀಸಿದ್ದು ಅವರ 1935ರ 'ಹಂಟರ್‌ವಾಲಿ'ಯಲ್ಲಿ. ಮುಂದೆ ಅದೇ ಜಾಗದಲ್ಲಿ ವಿ. ಶಾಂತಾರಾಮ್ 1942ರಲ್ಲಿ ರಾಜಕಮಲ್ ಕಲಾಮಂದಿರ ಕಟ್ಟಿದರು. ಎಳೆಯ ವಯಸ್ಸಿನಲ್ಲಿ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲೂ ಚಿತ್ರಮಂದಿರದಲ್ಲೂ ದುಡಿದವರು ಅವರು, ಹಾಗಾಗಿ ನಮಗೆ ಪೂರ್ತಿ ಹೊರಗಿನವರಲ್ಲ. 1955ರ ಅವರ 'ಝನಕ್ ಝನಕ್ ಪಾಯಲ್ ಬಾಜೆ' ನೃತ್ಯವನ್ನೇ ಕಥೆಯಾಗಿಸಿದ ಬಣ್ಣದ ಚಿತ್ರ. ಕಥಕ್ ಕಲಾವಿದ ಗೋಪಿಕೃಷ್ಣ ನಾಯಕ. ನಾಯಕಿ ಸಂಧ್ಯಾ ಈ ಚಿತ್ರಕ್ಕಾಗಿ ಅವರಿಂದಲೇ ನೃತ್ಯ ಕಲಿತರು. ಅಂದರೆ ಆ ಚಿತ್ರದ ನಾಯಕಿಯೂ ಕಲಿತದ್ದು ಎದುರಿಗೆ ನಿಂತ ಗುರುವಿನಿಂದ. ಪರದೆಯ ಮೇಲೆ ಬಂದದ್ದು ಕಲಿಕೆಯ ಫಲ ಮಾತ್ರ.

ಇದಕ್ಕೆ ನಾಲ್ಕು ವರ್ಷ ಮೊದಲು, 1951ರಲ್ಲಿ, 'ಅಲ್‌ಬೇಲಾ' ಬಂದಿತ್ತು. ಅದರ ನಾಯಕ ಮತ್ತು ನಿರ್ದೇಶಕ ಭಗವಾನ್ ದಾದಾ ಗಿರಣಿ ಕಾರ್ಮಿಕರ ಮಗ, ದಾದರ್ ಪರೇಲುಗಳ ಹುಡುಗ. ದುಂಡು ಮೈ, ಎತ್ತರವಿಲ್ಲ, ಶಾಸ್ತ್ರೀಯ ತರಬೇತಿಯಿಲ್ಲ. ಸಂಗೀತ ಸಿ. ರಾಮಚಂದ್ರ ಅವರದು. ಅವರ ಸಂಗೀತಕ್ಕೆ ಕೈಜೋಡಿಸಿದವರಲ್ಲಿ ತಾಜ್ ಹೋಟೆಲಿನಲ್ಲಿ ಕಹಳೆ ನುಡಿಸುತ್ತಿದ್ದ ಗೋವಾದ ಚಿಕ್ ಚಾಕೊಲೆಟ್ ಒಬ್ಬರು. 1935ರಲ್ಲಿ ಲಿಯೋನ್ ಆಬೆ ಎಂಬ ಆಫ್ರಿಕನ್ ಅಮೆರಿಕನ್ ಪಿಟೀಲುವಾದಕ ತನ್ನ ತಂಡದೊಡನೆ ತಾಜಿಗೆ ಬಂದಂದಿನಿಂದ ಶ್ರೀಮಂತರ ಕುಣಿತದ ಹಾಲಿನಲ್ಲಿ ಬೆಳೆದ ಜಾಝ್, ಹೀಗೆ ಚಿತ್ರಗೀತೆಯ ದಾರಿ ಹಿಡಿದು ಚಾಳುಗಳಿಗೆ ಬಂತು. ತಾಜಿನ ಬಾಗಿಲು ಗಿರಣಿ ಕಾರ್ಮಿಕರಿಗೆ ತೆರೆದಿರಲಿಲ್ಲ, ಸಿನಿಮಾ ಮಂದಿರದ ಅಗ್ಗದ ಸೀಟು ತೆರೆದಿತ್ತು.

ಭಗವಾನ್ ದಾದಾನ ಕುಣಿತದಲ್ಲಿ ಇರುವುದೆಷ್ಟು? ಮೊಣಕಾಲು ಸ್ವಲ್ಪ ಸಡಿಲ, ಭುಜದ ಕುಲುಕು, ಪುಟ್ಟ ಪುಟ್ಟ ಹೆಜ್ಜೆ, ಮತ್ತೆ ಮತ್ತೆ ಅದೇ. ಕ್ಯಾಮೆರಾ ತಲೆಯಿಂದ ಕಾಲಿನವರೆಗೆ ತೋರಿಸುತ್ತದೆ. ನೋಡಿ ಮನೆಗೆ ಬಂದವರು ಅದನ್ನು ಮಾಡಬಲ್ಲರು. ಮಾಡಿದರು ಕೂಡ. ಗಣಪತಿ ವಿಸರ್ಜನೆಯ ಮೆರವಣಿಗೆಯಲ್ಲಿ ಇಂದಿಗೂ ಲಾಲ್‌ಬಾಗ್ ಪರೇಲಿನ ಬೀದಿಯಲ್ಲಿ ಕಾಣುವ ಹೆಜ್ಜೆಯಲ್ಲಿ ಆ ಗುರುತಿದೆ. ಅಕ್ಕ ಅದನ್ನು ಕಲಿತದ್ದು ಚಾಳಿನ ಮುಂದೆ, ಎಂಟೊಂಬತ್ತು ವರ್ಷದವರಿದ್ದಾಗ, ಯಾರೂ ಕಲಿಸದೆ. 'ಝನಕ್ ಝನಕ್' ಕೂಡ ಬಹಳ ಸಲ ನೋಡಿದ್ದಾರಂತೆ. "ಅದನ್ನು ನೋಡಿ ಒಂದು ಚಕ್ರವೂ ಬರಲಿಲ್ಲ, ಇದನ್ನು ನೋಡಿ ಎಲ್ಲ ಬಂತು" ಎಂದರು. ಗೋಪಿಕೃಷ್ಣ ದೊಡ್ಡ ಕಲಾವಿದರು, ಭಗವಾನ್ ದಾದಾ ಅವರ ಪಕ್ಕ ನಿಲ್ಲುವವರಲ್ಲ. ಆದರೆ ಕಲಿಯುವವರಿಗೆ ಬೇಕಾದ್ದು ಯಾವುದು ಎಂಬುದು ಬೇರೆಯೇ ಪ್ರಶ್ನೆ. ನನ್ನ ಸ್ಪ್ರೆಡ್‌ಶೀಟಿನಲ್ಲಿ ಅಂದು ಒಂದು ಹೊಸ ಕಾಲಂ ಸೇರಿತು. ಹೆಸರು 'ದಾದಾ': ಒಂದು ಸಲ ನೋಡಿದ ಮೇಲೆ ಟಿವಿ ಆರಿಸಿ ಮಾಡಲು ಬರುತ್ತದೆಯೇ, ಇಲ್ಲವೇ?

ಮತ್ತೆ ಬ್ಯೂನಸ್ ಐರಿಸ್ಸಿಗೆ. ಸುಮಾರು 1935ರಿಂದ 1955ರವರೆಗಿನದು ಟ್ಯಾಂಗೊದ ಸುವರ್ಣಯುಗ. ನಂತರ ಸೇನಾಡಳಿತಗಳು, ರಾಕ್ ಸಂಗೀತ, ಹೊಸ ಪೀಳಿಗೆಯ ನಿರಾಸಕ್ತಿ, ಎಲ್ಲ ಸೇರಿ ಕುಣಿತದ ಕೂಟಗಳು ಸೊರಗಿದವು. ನಡುವಿನ ಒಂದೆರಡು ಪೀಳಿಗೆ ಕಲಿಯಲೇ ಇಲ್ಲ. 1983ರಲ್ಲಿ ಕ್ಲಾಡಿಯೊ ಸೆಗೋವಿಯಾ ಮತ್ತು ಹೆಕ್ಟರ್ ಒರೆಸೋಲಿ ಪ್ಯಾರಿಸ್ಸಿನಲ್ಲಿ 'ಟ್ಯಾಂಗೊ ಅರ್ಜೆಂಟೀನೊ' ಪ್ರದರ್ಶನ ಇಟ್ಟರು. 1985ರಲ್ಲಿ ಅದು ಬ್ರಾಡ್‌ವೇಗೆ ಹೋಯಿತು. ಕಲಾವಿದರಲ್ಲಿ ಎಷ್ಟೋ ಮಂದಿ ನಡುವಯಸ್ಸಿನವರು. ಅವರಲ್ಲಿ ವಿರುಲಾಸೊ ಎಂಬಾತ ಭಾರೀ ಮೈಕಟ್ಟಿನವ. ಅಂಥವರು ಹೀಗೆ ಕುಣಿಯುವುದಾದರೆ ನಾವೂ ಕುಣಿಯಬಹುದು ಎಂದು ನೋಡಿದವರಿಗೆ ಅನಿಸಿತು. ಕಲಿಯುವ ಹಂಬಲ ಜಗತ್ತಿನಾದ್ಯಂತ ಹಬ್ಬಿತು. ಕಲಿಸುವವರು ಕಡಿಮೆ, ದೂರ ಬಹಳ. ಆಗ ಬಂದವು ವಿಎಚ್‌ಎಸ್ ಪಾಠದ ಕ್ಯಾಸೆಟ್ಟುಗಳು.

ಕ್ಯಾಸೆಟ್ಟಿಗೆ ಬೇಕಾದ್ದು ಎಣಿಸಬಹುದಾದ ಪಾಠ. ಎಂಟು ಎಣಿಕೆಯ 'ಮೂಲ ಹೆಜ್ಜೆ' ಹೀಗೆ ಎಲ್ಲೆಡೆ ಹರಡಿತು. ಅದರ ಮೊದಲ ಎಣಿಕೆಯಲ್ಲಿ ಮುನ್ನಡೆಸುವವರು ಹಿಂದಕ್ಕೆ ಕಾಲಿಡುತ್ತಾರೆ. ಸ್ಟುಡಿಯೋದಲ್ಲಿ ಒಂದೇ ಜೋಡಿ ಇದ್ದಾಗ ತೊಂದರೆಯಿಲ್ಲ. ಆದರೆ 'ಮಿಲೊಂಗ' ಎಂಬ ಕುಣಿತದ ಕೂಟದಲ್ಲಿ ಎಲ್ಲ ಜೋಡಿಗಳೂ ಅಪ್ರದಕ್ಷಿಣವಾಗಿ ಸಾಲಾಗಿ ಸಾಗುತ್ತಿರುತ್ತವೆ, ಹಿಂದಕ್ಕೆ ಇಟ್ಟ ಕಾಲು ಹಿಂದಿನವರ ಪಾದದ ಮೇಲೆ. ದಾದರ್ ಸ್ಟೇಷನ್ನಿನ ಸೇತುವೆಯಲ್ಲಿ ಸಂಜೆ ಆರೂವರೆಗೆ ಒಂದು ಹೆಜ್ಜೆ ಹಿಂದಿಟ್ಟು ನೋಡಿ, ಗೊತ್ತಾಗುತ್ತದೆ. ಒಂಟಿಯಾಗಿ ಕಲಿತವರಿಗೆ ಈ ತಪ್ಪು ಗುಂಪಿಗೆ ಹೋಗುವವರೆಗೆ ತಿಳಿಯುವುದೇ ಇಲ್ಲ. ಈಗ ನಾನು ಮೊದಲ ಪಾಠವೇ ಹಿಂದಕ್ಕೆ ಹೆಜ್ಜೆಯಿಂದ ಶುರುವಾದರೆ ಮುಂದಕ್ಕೆ ನೋಡುವುದಿಲ್ಲ. ಎರಡು ನಿಮಿಷದಲ್ಲಿ ತೀರ್ಮಾನ.

1990ರ ದಶಕದಲ್ಲಿ ಗುಸ್ತಾವೊ ನವೇರಾ, ಫಾಬಿಯಾನ್ ಸಲಾಸ್ ಮುಂತಾದವರು ಇದಕ್ಕೆ ಬೇರೆ ದಾರಿ ಹಿಡಿದರು. ಹೆಜ್ಜೆಗಳ ಸರಪಳಿ ಬಾಯಿಪಾಠ ಮಾಡಿಸುವ ಬದಲು, ಈ ಕ್ಷಣ ಭಾರ ಯಾವ ಕಾಲಿನ ಮೇಲಿದೆ, ಅಲ್ಲಿಂದ ಮುಂದೆ, ಪಕ್ಕಕ್ಕೆ, ಹಿಂದೆ ಎಲ್ಲಿಗೆ ಹೋಗಬಹುದು ಎಂದು ಬಿಡಿಸಿ ನೋಡಿದರು. ಎಂಜಿನಿಯರಿಂಗ್ ಓದಿದ ನನಗೆ ಇದು ತಕ್ಷಣ ಹಿಡಿಸಿತು. ಪ್ರೋಗ್ರಾಮನ್ನು ನಕಲು ಮಾಡುವುದಕ್ಕೂ ಭಾಷೆ ಕಲಿಯುವುದಕ್ಕೂ ಇರುವ ವ್ಯತ್ಯಾಸ. ಆದರೆ ಒಪ್ಪಿಕೊಳ್ಳಬೇಕು, ಉಳಿದ ನಾಲ್ವರಿಗೆ ಇಂಥ ವಿಡಿಯೊಗಳು ಬೇಸರ ತಂದವು. ಅಕ್ಕನಂತೂ ನಿದ್ದೆ ಹೋದರು.

ಎರಡು ಬಗೆಯ ಟ್ಯಾಂಗೊ ಬೇರೆ ಬೇರೆ ಎಂಬುದನ್ನು ಬ್ಯೂನಸ್ ಐರಿಸ್ಸಿನವರೇ ಒಪ್ಪಿದ್ದಾರೆ. 2003ರಿಂದ ಅಲ್ಲಿ ನಡೆಯುವ ವಿಶ್ವ ಸ್ಪರ್ಧೆಯಲ್ಲಿ ಎರಡು ವಿಭಾಗ: ವೇದಿಕೆಯದು ಒಂದು, ಕೂಟದ್ದು ಇನ್ನೊಂದು. ಕೂಟದ ವಿಭಾಗದಲ್ಲಿ ಅಪ್ಪುಗೆ ಬಿಡುವಂತಿಲ್ಲ, ನೆಗೆಯುವಂತಿಲ್ಲ. 2009ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಟ್ಯಾಂಗೊ ಸೇರಿಸಿದಾಗ ಅರ್ಜೆಂಟೀನಾ ಮತ್ತು ಉರುಗ್ವೆ ಎರಡರ ಹೆಸರೂ ಇತ್ತು. ನಮ್ಮ ಅಕ್ಕನ ಮಂಡಿ ಉಳುಕಿಸಿದ್ದು ವೇದಿಕೆಯ ಟ್ಯಾಂಗೊ.

ಸಂಗೀತದಲ್ಲೂ ಇದೇ ಭೇದ. 1992ರ 'ಸೆಂಟ್ ಆಫ್ ಎ ವುಮನ್' ಚಿತ್ರದಲ್ಲಿ ಅಲ್ ಪಚಿನೊ ಕುಣಿಯುವ ದೃಶ್ಯ ನೋಡಿ ಟ್ಯಾಂಗೊಗೆ ಮನಸೋತವರು ಲೆಕ್ಕವಿಲ್ಲ, ನಮ್ಮ ಗುಂಪಿನ ಇಬ್ಬರೂ ಸೇರಿ. ಆ ರಾಗ ಕಾರ್ಲೋಸ್ ಗಾರ್ಡೆಲ್‌ನದು, 1935ರದು. ಅದೇ ವರ್ಷ ಜೂನ್ 24ರಂದು ಕೊಲಂಬಿಯಾದ ಮೆಡೆಲಿನ್‌ನಲ್ಲಿ ವಿಮಾನ ಅಪಘಾತದಲ್ಲಿ ಆತ ತೀರಿಕೊಂಡ. ಆದರೆ ಗಾರ್ಡೆಲ್ ಹಾಡುವಾಗ ಕೇಳಬೇಕು, ಕುಣಿಯಬಾರದು ಎಂಬುದು ಮಿಲೊಂಗಗಳ ಹಳೆಯ ರೂಢಿ. ಕುಣಿಯುವವರ ಸಂಗೀತ ಬೇರೆ: ಕಾರ್ಲೋಸ್ ಡಿ ಸಾರ್ಲಿ, ಫ್ರಾನ್ಸಿಸ್ಕೊ ಕನಾರೊ, ಹುವಾನ್ ಡಾರಿಯೆನ್ಸೊ. ಡಿ ಸಾರ್ಲಿಯ ನಿಧಾನದ ಖಚಿತ ನಡೆ ಹೊಸಬರಿಗೆ ವರ. ಪಾಠದ ವಿಡಿಯೊದಲ್ಲಿ ಯಾವ ವಾದ್ಯವೃಂದ ಎಂದು ಹೇಳಿದ್ದರೆ ನಾನು ಒಂದು ಅಂಕ ಹೆಚ್ಚು ಕೊಟ್ಟೆ. ಸಂಗೀತವೇ ಇಲ್ಲದೆ ಬರೀ ಎಣಿಸುವವರಿಗೆ ಸೊನ್ನೆ.

ಕೊನೆಗೆ ನಲವತ್ತರಲ್ಲಿ ಉಳಿದದ್ದು ನಾಲ್ಕು. ನಾಲ್ಕಕ್ಕೂ ನೋಡುಗರು ಕಡಿಮೆ, ಬೆಳಕು ಸಾಧಾರಣ, ಉಡುಪು ಮನೆಯದು. ಒಂದರಲ್ಲಿ ಇಡೀ ಅರ್ಧ ಗಂಟೆ ಬರೀ ನಡಿಗೆ. ಇಬ್ಬರ ಪಾದಗಳೂ ಕಾಣುತ್ತವೆ, ಹಿಂದಿನಿಂದಲೂ ಚಿತ್ರಿಸಿದ್ದಾರೆ, ಹಾಗಾಗಿ ಎಡ ಬಲ ತಲೆಕೆಳಗಾಗುವುದಿಲ್ಲ. ಇನ್ನೊಂದರಲ್ಲಿ ಹೆಂಗಸೊಬ್ಬರು ಮುನ್ನಡೆಸುತ್ತಾರೆ. ಮತ್ತೊಂದು 'ಕಬೆಸೆಯೊ' ಬಗ್ಗೆ. ಮಿಲೊಂಗದಲ್ಲಿ ಬಾಯಿಬಿಟ್ಟು ಕುಣಿತಕ್ಕೆ ಕರೆಯುವುದಿಲ್ಲ. ದೂರದಿಂದ ಕಣ್ಣು ಸೇರಿಸಿ ತಲೆ ಸ್ವಲ್ಪ ಬಾಗಿಸಬೇಕು. ಬೇಡವಾದರೆ ಹೆಂಗಸು ಅತ್ತ ನೋಡುವುದೇ ಇಲ್ಲ. ಯಾರಿಗೂ ಅವಮಾನವಿಲ್ಲ, ವಿವರಣೆ ಕೊಡಬೇಕಿಲ್ಲ. ಇದನ್ನು ನೋಡಿದ ದಿನ ನಾವು ಕುಣಿದದ್ದು ಕಡಿಮೆ, ಮಾತಾಡಿದ್ದು ಹೆಚ್ಚು. ಬೇಡ ಎನ್ನಲು ಎಷ್ಟು ಸಲ ನೆಪ ಹುಡುಕಿದ್ದೇವೆ ಎಂದು ಲೆಕ್ಕ ಹಾಕುತ್ತ ಚಹಾ ಎರಡು ಸಲ ಆಯಿತು.

ವಿಡಿಯೊ ಕೊಡಲಾರದ್ದು ಒಂದಿದೆ: ಎದುರಿನವರ ಭಾರ ಎಲ್ಲಿದೆ ಎಂಬ ಸ್ಪರ್ಶ. ಅದಕ್ಕೆ ನಾವು ಹಳೆಯ ಪ್ರಾಕ್ತಿಕಾದ ಕ್ರಮವನ್ನೇ ಹಿಡಿದೆವು. ಮೊದಲು ಎಲ್ಲರೂ ಹಿಂಬಾಲಿಸುವುದನ್ನು ಕಲಿಯುವುದು, ಆಮೇಲೆ ಮುನ್ನಡೆಸುವುದು. ಹತ್ತು ನಿಮಿಷ ವಿಡಿಯೊ, ಟಿವಿ ಆರಿಸಿ ನಲವತ್ತು ನಿಮಿಷ ನಡಿಗೆ.

ಮಂಡಿ ವಾಸಿಯಾಗಿ ಅಕ್ಕ ದಸರೆಯ ಹೊತ್ತಿಗೆ ಮರಳಿದರು. ಹಾಲು ಸಾಲದೆಂದು ನಮ್ಮ ಮಹಡಿಯ ಉದ್ದನೆಯ ಕಾರಿಡಾರಿನಲ್ಲಿ, ಫೋನಿನಲ್ಲಿ ಡಿ ಸಾರ್ಲಿ ಹಾಕಿ, ಅವರು ನನ್ನನ್ನು ಮುನ್ನಡೆಸಿದರು. ಕಣ್ಣು ಮುಚ್ಚು ಎಂದರು, ಮುಚ್ಚಿದೆ. ಲಿಫ್ಟಿನವರೆಗೆ ಹಿಂದಕ್ಕೆ ನಡೆದೆ, ಎಲ್ಲೂ ತಾಗಲಿಲ್ಲ. ಮೊಣಕಾಲು ಸಡಿಲ, ಪುಟ್ಟ ಪುಟ್ಟ ಹೆಜ್ಜೆ. ಎಲ್ಲಿ ಕಲಿತಿರಿ ಅಕ್ಕ ಎಂದು ಕೇಳಿದೆ. ವಿಸರ್ಜನೆಯ ಗದ್ದಲದಲ್ಲಿ ತಂಗಿಯ ಕೈಬಿಡದೆ ಲಾಲ್‌ಬಾಗಿನಿಂದ ಮನೆವರೆಗೆ ಕುಣಿಯುತ್ತ ಬರುತ್ತಿದ್ದುದನ್ನು ಹೇಳತೊಡಗಿದರು. ಹಾಡು ಮುಗಿದಿತ್ತು, ಇನ್ನೊಂದು ಹಾಕೆಂದರು.